ಅಂಬಲಿಯವ್ವನ ಕಲ್ಲು

ನೂರು ಭಕ್ತರೂ ಇಲ್ಲದ ದೇವರನ್ನು ಒಡೆಯುವುದು ನಮ್ಮ ಇಲಾಖೆಯ ಕೆಲಸ. ಆ ಬೆಳಿಗ್ಗೆ ಅದು ನನಗೆ ಮೂರನೆಯ ದೇವರು. ಅಂಬಲಿಯವ್ವನೆಂಬ ಆ ಕಲ್ಲಿಗೆ ಉಳಿದಿದ್ದವಳು ಮುದುಕಿ ತಿಪ್ಪವ್ವ ಒಬ್ಬಳೇ. ದಿನಾ ಬಂದು ಕಲ್ಲಿನ ಮೇಲೆ ಅಂಬಲಿ ಸುರಿದು ಹೋಗುತ್ತಿದ್ದಳು.

“ಯವ್ವಾ, ಸರದು ಕುಂದರ,” ಎಂದೆ.

“ಬಡಿ ಮಗಾ. ಸಿಟ್ಟಾಗೂದು ನಮ್ಮವ್ವಗ ಗೊತ್ತಿಲ್ಲ. ಅದಕ್ಕ ಎಲ್ಲಾರೂ ಬಿಟ್ಟು ಹ್ವಾದ್ರು.”

ದೇವರನ್ನು ಹೇಗೆ ಬೇಕಾದರೂ ಒಡೆಯಬಹುದು, ಭಕ್ತರ ರಕ್ತ ಮಾತ್ರ ಬೀಳಬಾರದು ಎಂದು ನಮಗೆ ಕಟ್ಟಪ್ಪಣೆ. ಅವಳನ್ನು ಪಕ್ಕಕ್ಕೆ ಕೂರಿಸಿ ಸುತ್ತಿಗೆ ಬೀಸಿದೆ. ಅದು ಇಳಿಯುವಷ್ಟರಲ್ಲಿ ಅವಳು ಕಲ್ಲನ್ನು ತಬ್ಬಿಕೊಂಡಿದ್ದಳು. ಅವಳ ತಲೆ ಒಡೆಯಿತು. ಕಲ್ಲಿನ ಮೇಲಿದ್ದ ಅಂಬಲಿ ಕೆಂಪಾಯಿತು.

“ನೀರು ತಗೊಂಬಾರಲೇ! ಮಂದಿ ನೋಡೂದ್ರಾಗ ತೊಳಿ!” ಮೇಲ್ವಿಚಾರಕ ಫಕೀರಪ್ಪ ಚೀರಿದ. “ಹಿಂದ ಹಿಂಗ ಒಬ್ಬನ ರಕ್ತ ಬಿದ್ದ ದೇವರಿಗೆ ಈಗ ಹತ್ತು ಲಕ್ಷ ಭಕ್ತರದಾರ!”

ಕೊಡ ತಂದೆ. ತೊಳೆಯಲು ಕೈ ಏಳಲಿಲ್ಲ. ಬೀದಿಯಲ್ಲಿ ಆಗಲೇ ಜನ ನಿಂತಿದ್ದರು.

ಸಂಜೆಯೊಳಗೆ ನಾನೂರು ಮಂದಿ ಅಂಬಲಿಯವ್ವನ ಭಕ್ತರೆಂದು ಹೆಸರು ಬರೆಸಿದರು. ಮೊದಲ ಹೆಸರು ನನ್ನದು. ಆಮೇಲೆ ಎಲ್ಲರೂ ಸೇರಿ ಫಕೀರಪ್ಪನನ್ನು ಹುಡುಕಲು ಹೊರಟೆವು. ಸುತ್ತಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು.