ಎಡಗೆನ್ನೆಯ ಬಣ್ಣ

ಮದುವೆ ಬೇಡ ಎಂದ ತಪ್ಪಿಗೆ ಮದುಮಗಳ ಎಡಗೆನ್ನೆಯ ಮೇಲೆ ಅಪ್ಪನ ಐದು ಬೆರಳ ಬಾಸುಂಡೆ ಎದ್ದಿತ್ತು. ತುಟಿ ಒಡೆದಿತ್ತು.

"ಒಂದು ಗುರುತೂ ಕಾಣ್ಬಾರ್ದು," ಎಂದು ಅವನು ಮೇಕಪ್‌ನವಳಿಗೆ ಗದರಿಸಿದ. ಮಗಳತ್ತ ತಿರುಗಿದ. "ಮತ್ತೆ ಬಾಯಿ ಬಿಟ್ರೆ ಇನ್ನೊಂದು ಕೆನ್ನೆನೂ ಇದೆ, ನೆನಪಿರ್ಲಿ."

ಅವನು ಹೊರಗೆ ಹೋದ ಮೇಲೆ ಮದುಮಗಳು ಬಾಟಲಿಗಳ ಹಿಂದಿನ ಸಣ್ಣಕ್ಷರಗಳನ್ನು ಓದಿದಳು.

"ಅಕ್ಕಾ, ಇದ್ರಲ್ಲಿ ಸಿಲಿಕೋನ್ ಇದೆ, ಮೇಣ ಇದೆ. ಬೇಡ. ಪಕ್ಕದ ಬಾಟ್ಲಿದನ್ನ ಹಚ್ಚಿ."

"ಅದ್ರಲ್ಲಿ ಇರೋದೇ ನೀರು ಕಣಮ್ಮ. ಒಂದು ಹನಿ ಕಣ್ಣೀರು ಬಿದ್ರೂ ಇಳ್ದು ಹೋಗುತ್ತೆ. ನಿಮ್ಮಪ್ಪ ನನ್ನ ಕೊಂದೇ ಬಿಡ್ತಾರೆ!"

"ನಾನು ಅಳಲ್ಲ ಅಕ್ಕಾ."

ಮುಹೂರ್ತಕ್ಕೆ ಧಾರೆ ಎರೆಯಲು ಅಪ್ಪ ಗಿಂಡಿ ಬಗ್ಗಿಸಿದ. ಇಡೀ ಛತ್ರದ ಕಣ್ಣೆದುರು ಮದುಮಗಳು ಕೈ ಹಿಂದೆಳೆದುಕೊಂಡು, ಆ ನೀರಿಗೆ ಎಡಗೆನ್ನೆ ಒಡ್ಡಿದಳು.