ಸೇತುವೆಯ ಉದ್ದಕ್ಕೆ

ಆನ್‌ಲೈನ್ ವಿಮಾನಯುದ್ಧದ ಆಟದಲ್ಲಿ ಶರ್ಮಿಳಾಳ ಐದು ಬಾಂಬುಗಳು ಆಗಲೇ ಹೊಳೆಗೆ ಬಿದ್ದಿದ್ದವು. ಸೇತುವೆ ಅಲುಗಿರಲಿಲ್ಲ. ಉಳಿದದ್ದು ಒಂದೇ ಬಾಂಬು, ಎರಡೇ ನಿಮಿಷ.

“ಮ್ಯಾಲಿಂದ ಒಗೀಬ್ಯಾಡವ್ವಾ, ಕೆಳಗಿಳಿ,” ಎಂದಿತು ಹೆಡ್‌ಫೋನಿನಲ್ಲಿ ಮುದುಕನ ದನಿ. ಆಕೆಯ ತಂಡದವನೇ, ದಿನವೂ ಜೊತೆಗೆ ಆಡುತ್ತಿದ್ದರೂ ಅವನ ಮುಖ ನೋಡಿರಲಿಲ್ಲ.

“ಕೆಳಗಿಂದ ಗುಂಡು ಹಾರಿಸ್ತಿದಾರೆ, ಅಂಕಲ್!”

“ಹಾರಿಸಲಿ. ಅಡ್ಡ ಬರಬ್ಯಾಡ, ಸೇತುವೆ ಉದ್ದಕ್ಕ ಬಾ. ಇನ್ನೂ ಸನಿ ಬಾ… ಬಿಡು!”

ಸೇತುವೆ ನಡು ಮುರಿದು ಹೊಳೆಗೆ ಕುಸಿಯಿತು. ತಂಡದವರೆಲ್ಲ ಕೇಕೆ ಹಾಕಿದರು.

“ಇಷ್ಟು ಕರೆಕ್ಟಾಗಿ ಹೇಗೆ ಹೇಳಿದ್ರಿ ಅಂಕಲ್? ಏರ್‌ಫೋರ್ಸಲ್ಲಿ ಪೈಲಟ್ ಆಗಿದ್ರಾ?”

“ವಿಮಾನ ನಾ ಹತ್ತೇ ಇಲ್ಲವ್ವಾ. ಯುದ್ಧದಾಗ ಸೇತುವೆ ಮ್ಯಾಲ ಕಾವಲಿದ್ದೆ.”