ಜೀಪಿಗೆ ಎಂಜಿನ್

ಮಗನ ಆಟದ ಜೀಪನ್ನು ಮನೆಯಂಗಳದಲ್ಲಿ ನಿಲ್ಲಿಸಿಕೊಂಡು, ಪೆಟ್ರೋಲಿಗೆ ಆಯಿಲ್ ಬೆರೆಸುತ್ತ ಗಂಗರಾಜು ಹೆಂಡತಿಯನ್ನು ಕೂಗಿದ. "ತನುಜಾ, ಬಾರೇ ಆಚೆ! ನಿನ್ನ ಮಗನ ಗಾಡಿ ರೆಡಿ." ಹದಿನೈದು ದಿನದಿಂದ ಭಾನುವಾರವೆನ್ನದೆ ಕೂತು ಅವನು ಜೀಪಿನ ಸತ್ತ ಬ್ಯಾಟರಿಯನ್ನೂ ಪುಟ್ಟ ಮೋಟಾರನ್ನೂ ಕಿತ್ತುಹಾಕಿ, ಆ ಜಾಗದಲ್ಲಿ ಯಾರೋ ಬಿಟ್ಟುಹೋಗಿದ್ದ ಕಳೆ ಕತ್ತರಿಸುವ ಮಿಷನ್ನಿನ ಎಂಜಿನ್ ಕೂರಿಸಿದ್ದ. ಹಿಂದಿನ ಗಾಲಿಗಳಿಗೆ ಸೈಕಲ್ ಚೈನು ಬಂದಿತ್ತು. ಸೈಲೆನ್ಸರ್ ಒಂದು ಹಾಕುವುದು ಬಾಕಿ.

ಪಾತ್ರೆ ತೊಳೆಯುತ್ತಿದ್ದ ತನುಜ ಒದ್ದೆ ಕೈಯಲ್ಲೇ ಬಂದಳು. ಮುಂದಿನ ತಿಂಗಳಿಗೆ ಮೂರು ತುಂಬುವ ಜಗನ್ ನಾಲ್ಕು ಹೆಜ್ಜೆ ಆಚೆ ಅವರಿಗೆ ಬೆನ್ನು ಹಾಕಿ ಕೂತು, ಜಗಲಿಯ ಮೇಲೆ ಕಲ್ಲುಗಳನ್ನು ಸಾಲಾಗಿ ಇಡುತ್ತಿದ್ದ.

"ಹೊಸ ಬ್ಯಾಟರಿ ಹಾಕ್ಸಿದ್ರೆ ಆಗ್ತಿರ್ಲಿಲ್ವಾ?" ಎಂದಳು.

"ಸಾದಲಿ ಸುತ್ತಮುತ್ತ ಔಷಧಿ ಹೊಡೆಯೋ ಮಿಷನ್ನೆಲ್ಲ ರಿಪೇರಿ ಮಾಡೋನು ನಾನು. ನನ್ನ ಮಗ ಗಾಡೀನ ಚಾರ್ಜಿಗೆ ಹಾಕ್ಕೊಂಡು ಕಾಯ್ತಾ ಕೂತ್ಕೋಬೇಕಾ?" ಗಂಗರಾಜು ನಕ್ಕ. "ಹೆದರ್ಕೋಬೇಡ. ನಾವು ನಡೆಯೋದಕ್ಕಿಂತ ಜೋರಾಗಿ ಹೋಗದಂಗೆ ಕಟ್ಟಿದೀನಿ."

ತನುಜ ನಗಲಿಲ್ಲ. "ಬುಧವಾರ ಚಿಕ್ಕಬಳ್ಳಾಪುರಕ್ಕೆ ಕಿವಿ ಡಾಕ್ಟ್ರು ಬರ್ತಾರಂತೆ ರೀ. ಅಂಗನವಾಡಿ ಟೀಚರ್ ನಿನ್ನೆನೂ ಹೇಳಿದ್ರು. ಒಂದ್ಸಲ ಹೋಗಿ ಬರಣ."

"ಶುರು ಮಾಡ್ಕೊಂಡ್ಯಾ? ನಾನು ಮಾತಾಡಿದ್ದೇ ನಾಲ್ಕು ವರ್ಷಕ್ಕೆ, ಅಮ್ಮನ್ನ ಕೇಳು. ಮೊನ್ನೆ ಬಾಗಿಲು ದಡ್ ಅಂತ ಹಾಕ್ಕೊಂಡಾಗ ತಿರುಗಿ ನೋಡ್ಲಿಲ್ವಾ ಅವನು?"

"ಬಾಗಿಲು ಹಾಕ್ಕೊಂಡಾಗ ಒಳಗೆ ಕತ್ತಲಾಯ್ತಲ್ಲ, ಅದಕ್ಕೆ ನೋಡ್ದ."

ಗಂಗರಾಜು ಸೈಲೆನ್ಸರ್ ಕೈಗೆತ್ತಿಕೊಂಡ. ತನುಜ ಅದರ ಮೇಲೆ ಕೈಯಿಟ್ಟಳು. "ಇದನ್ನ ಆಮೇಲೆ ಹಾಕಿ. ಒಂದ್ಸಲ ಹಂಗೇ ಶುರು ಮಾಡಿ."

"ಹಂಗೇ ಮಾಡಿದ್ರೆ ಕಿವಿ ತೂತಾಗೋಗುತ್ತೆ ಕಣೇ, ಮಗು ಅಷ್ಟು ಹತ್ರ..." ಅಷ್ಟರಲ್ಲಿ ಅವನಿಗೆ ಅವಳು ಕೇಳುತ್ತಿರುವುದೇನೆಂದು ಅರ್ಥವಾಯಿತು. ಅವಳ ಮುಖ ನೋಡಿದ. ಮಗನ ಬೆನ್ನು ನೋಡಿದ. ಸೈಲೆನ್ಸರನ್ನು ನೆಲಕ್ಕಿಟ್ಟು, ಎಂಜಿನ್ನಿನ ಹಗ್ಗ ಹಿಡಿದು ಎಳೆದ.

ಮೊದಲನೇ ಸಲ ಹಿಡಿಯಲಿಲ್ಲ. ಎರಡನೇ ಎಳೆತಕ್ಕೆ ಎಂಜಿನ್ ಅಬ್ಬರಿಸಿತು. ಕೋಳಿಗಳು ಚೆಲ್ಲಾಪಿಲ್ಲಿಯಾಗಿ ಹಾರಿದವು, ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು. ಗೊತ್ತಿದ್ದೂ ತನುಜ ಎರಡೂ ಕಿವಿ ಮುಚ್ಚಿಕೊಂಡಳು. ಗಂಗರಾಜು ಒಂದು ಕೈಯಲ್ಲಿ ಜೀಪಿನ ಹಿಂಬದಿ ಎತ್ತಿಕೊಂಡು ಎಕ್ಸಲೇಟರ್ ತಂತಿಯನ್ನು ಪೂರ್ತಿ ಎಳೆದು ಹಿಡಿದ. ಜಗನ್ ಒಂದು ಕಲ್ಲು ಇಟ್ಟ. ಅದು ಸಾಲು ತಪ್ಪಿತ್ತು. ಬೆರಳ ತುದಿಯಿಂದ ಮೆಲ್ಲಗೆ ಸರಿಸಿ ಸರಿಮಾಡಿದ.

ಪಕ್ಕದ ಮನೆಯ ಓಬಳಮ್ಮ ಕಾಂಪೌಂಡಿನ ಮೇಲಿಂದ ಇಣುಕಿದಳು. "ಏಮಿರಾ ಇದಿ, ಏನೋ ಇದು ಗಂಗರಾಜು! ತೊಟ್ಟಿಲಲ್ಲಿರೋ ಮಗು ಬೆಚ್ಚಿಬಿದ್ದು ಎದ್ಬಿಡ್ತಲ್ಲೋ!"

ಅವನು ಎಂಜಿನ್ ಆರಿಸಿದ. ಆ ಮನೆಯ ಎರಡು ತಿಂಗಳ ಕೂಸಿನ ಅಳು ಅಂಗಳಕ್ಕೆಲ್ಲ ಕೇಳುತ್ತಿತ್ತು.

"ಆಟದಲ್ಲಿ ಮುಳುಗಿದಾನೆ, ಅದಕ್ಕೆ," ಎಂದ ಗಂಗರಾಜು. ಜೀಪನ್ನು ಇನ್ನೂ ಎರಡು ಹೆಜ್ಜೆ ಹತ್ತಿರಕ್ಕೆ ತಳ್ಳಿ ಮತ್ತೆ ಹಗ್ಗ ಎಳೆದ, ಆರಿಸಿದ, ಮತ್ತೊಮ್ಮೆ ಎಳೆದ. ನಾಲ್ಕನೇ ಸಲಕ್ಕೆ ಕೈ ಎತ್ತಿದಾಗ ತನುಜ ಅವನ ಮಣಿಕಟ್ಟು ಹಿಡಿದುಕೊಂಡಳು. "ಸಾಕು ಬಿಡ್ರೀ," ಎಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಎಷ್ಟೋ ತಿಂಗಳಿಂದ ಮಗ ಮಲಗಿದ ಮೇಲೆ ಅವನ ತಲೆಯ ಹತ್ತಿರ ಚಪ್ಪಾಳೆ ತಟ್ಟಿ ನೋಡುತ್ತಿದ್ದವಳು ಅವಳು.

ಹೊಗೆ ಮೂಗಿಗೆ ಬಡಿದು ಜಗನ್ ತಿರುಗಿದ. ಜೀಪು ಕಂಡದ್ದೇ ಕಲ್ಲು ಚೆಲ್ಲಿ ಓಡಿಬಂದು ಹತ್ತಿ ಕೂತ. ಗಂಗರಾಜು ಸೈಲೆನ್ಸರ್ ಬಿಗಿಯುವಾಗ ನಟ್ಟು ಎರಡು ಸಲ ಕೈಜಾರಿ ಬಿತ್ತು. ಎಂಜಿನ್ ಮತ್ತೆ ಶುರುವಾಗಿ ಕೂತ ಸೀಟು ನಡುಗಿದೊಡನೆ ಹುಡುಗ ಒಮ್ಮೆ ಗಕ್ಕನೆ ಸೆಟೆದು, ಆಮೇಲೆ ಎರಡೂ ಅಂಗೈಯನ್ನು ಬಾನೆಟ್ಟಿನ ಮೇಲಿಟ್ಟು, ಬಾಯ್ತುಂಬ ನಗತೊಡಗಿದ. ಅಪ್ಪ ಬಗ್ಗಿ ಸ್ಟೇರಿಂಗ್ ಹಿಡಿದು ಪಕ್ಕದಲ್ಲೇ ನಡೆಯುತ್ತ, ಗೇಟಿನವರೆಗೆ ಹೋಗಿ ಬಂದ. ಜಗನ್ ಇಳಿಯಲೊಲ್ಲ. ಹೀಗೆ ಆರೇಳು ಸುತ್ತು ಆಯಿತು.

ಕೊನೆಗೆ ಎಂಜಿನ್ ನಿಲ್ಲಿಸಿ ಗಂಗರಾಜು ಜೀಪಿನ ಪಕ್ಕ ಮಣ್ಣಲ್ಲೇ ಕೂತುಬಿಟ್ಟ. "ಬುಧವಾರ ಎಷ್ಟು ಗಂಟೆಗೆ ಹೋಗ್ಬೇಕು?" ಎಂದು ಕೇಳಿದ.

"ಹತ್ತಕ್ಕೆ ಅಲ್ಲಿರ್ಬೇಕಂತೆ."

ಅವನು ತಲೆಯಾಡಿಸಿದ. ಆಮೇಲೆ ಹೇಳಿದ: "ಶುಕ್ರವಾರ ನೀನು ಶಿಡ್ಲಘಟ್ಟಕ್ಕೆ ಹೋಗಿದ್ಯಲ್ಲ, ಆವಾಗ ಇವನು ರಸ್ತೆಗೆ ಓಡ್ದ. ಟ್ರ್ಯಾಕ್ಟರ್ ಬರ್ತಿತ್ತು. ನಿಂತ್ಕೊಳೋ, ನಿಂತ್ಕೊಳೋ ಅಂತ ನಾಲ್ಕು ಸಲ ಕೂಗ್ದೆ. ತಿರುಗೂ ನೋಡ್ಲಿಲ್ಲ. ಎತ್ಕೊಂಡು ಬಂದು ಹೊಡೆದೆ ಕಣೇ. ಜೋರಾಗೇ ಹೊಡೆದೆ."

ಜಗನ್ ಇನ್ನೊಂದು ಸುತ್ತು ಬೇಕೆಂದು ಅಪ್ಪನ ಅಂಗಿ ಹಿಡಿದು ಎಳೆಯುತ್ತಿದ್ದ.

"ಯಾಕೆ ಹೊಡೆದೆ ಅಂತ ಅವನಿಗಿನ್ನೂ ಗೊತ್ತಿಲ್ಲ," ಎಂದ ಗಂಗರಾಜು.